ಬೆವೆತ ಗುಳಿಗೆಗಳು

ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲಿನ ಜೊತೆ ಉರಿಸಲು ಗಿರಣಿಯಕ್ಕ ಹೊಟ್ಟನ್ನು ಯಂತ್ರದಲ್ಲಿ ಒತ್ತಿ ಮಾಡಿದ ಗುಳಿಗೆಗಳ ಮೊದಲ ಲಾರಿ ತಂದಿದ್ದಳು. ಇದು ವಾಪಸಾದರೆ ಅವಳ ಹೊಸ ಗಿರಣಿಗೆ ಬೇರೆ ಗಿರಾಕಿಯಿರಲಿಲ್ಲ. ಸ್ಥಾವರದ ಪರೀಕ್ಷಕ ಮೇಲಿನ ಗುಳಿಗೆಯೊಂದನ್ನು ಚಿವುಟಿದ. ಅದು ಮೆತ್ತಗೆ ಪುಡಿಯಾಯಿತು.

“ಯಂತ್ರದಿಂದ ಬಿಸಿಬಿಸಿ ತೆಗೆದು ಹಾಗೇ ಟಾರ್ಪಾಲು ಹೊದಿಸಿದ್ರಾ, ಅಕ್ಕಾ?”

“ಮಳೆ ಬಂದೀತು ಅಂತ ಬಿಗಿಯಾಗಿ ಕಟ್ಟಿಬಿಟ್ಟೆ, ಅಣ್ಣಾ.”

“ಮಳೆ ಒಳಗೇ ಬಂದಿದೆ ನೋಡಿ! ಬಿಸಿ ಹಬೆ ಟಾರ್ಪಾಲಿನಡಿ ನೀರಾಗಿ, ಪಾಪ, ಬೆವೆತುಹೋಗಿವೆ.”

ಅವಳ ಮುಖ ಸಣ್ಣದಾಯಿತು. ಲಾರಿಯನ್ನು ತಿರುಗಿಸಿ ಕಳಿಸಲು ಅವನಿಗೆ ಆ ಒಂದು ಗುಳಿಗೆಯೇ ಸಾಕಿತ್ತು. ಆದರೆ ಅವನು ಲಾರಿ ಹತ್ತಿ, ಮೊಣಕೈವರೆಗೆ ರಾಶಿಯೊಳಗೆ ಕೈಹಾಕಿ ಇನ್ನೊಂದು ಹಿಡಿ ತೆಗೆದ. ಅವು ಕಟಕಟನೆ ಮುರಿದವು. ತೇವ ಅಳೆದು ನೋಡಿದ, ಸರಿಯಾಗಿತ್ತು.

“ಮೇಲಿನ ಪದರ ಕೆರೆದು ವಾಪಸ್ ಒಯ್ಯಿರಿ, ಉಳಿದದ್ದು ಇಳಿಸಿ. ಮುಂದಿನ ಲೋಡು ಮಾತ್ರ ತಣ್ಣಗಾದ ಮೇಲೆ ತುಂಬಿ.”

ಮುಂದಿನ ಲೋಡು ಎಂದನಲ್ಲ! ಗಿರಣಿಯಕ್ಕ ತಾನೇ ಸಲಿಕೆ ಹಿಡಿದು ಲಾರಿ ಹತ್ತಿದಳು.