ಕಟ್ ಮಾಡಿದ ಕಾಲ್

೧. ಕಥೆಯನ್ನು ಕಳ್ಳನಿಂದ ಶುರು ಮಾಡಲೇ? ಒಂದು ಸಲ ಹಾಗೇ ಮಾಡಿದ್ದೆ. ನಾಯಕಿ ಶ್ರೀಲತಾ ಒಪ್ಪಲಿಲ್ಲ. "ಕಳ್ಳ ಅವನ ಕೆಲ್ಸ ಮಾಡ್ಕಂಡು ಹೋದ. ತಪ್ಪಿರೋದು ನನ್ ಕೋಡಲ್ಲಿ ಕಣಪ್ಪ, ಅಲ್ಲಿಂದ ಶುರು ಮಾಡು."

೨. ಸರಿ, ಅಲ್ಲಿಂದಲೇ. ೨೦೦೭. ಆಂಧ್ರದ ಗಡಿಯ ಹಿಂದೂಪುರದಲ್ಲಿ ಮನೆಗಳ್ಳತನ ತಡೆಯುವ ಅಲಾರಂ ಪೆಟ್ಟಿಗೆ ಮಾಡುವ ಸಣ್ಣ ಕಂಪನಿ. ಪೆಟ್ಟಿಗೆಯ ಚಿಪ್‌ಗೆ ಬುದ್ಧಿ ಹೇಳುವ ಪ್ರೋಗ್ರಾಂ ಶ್ರೀಲತಾಳದು. ಬಾಗಿಲು ಮುರಿದರೆ ಪೆಟ್ಟಿಗೆ ಮನೆಯವರ ಮೊಬೈಲಿಗೆ ಕಾಲ್ ಮಾಡುತ್ತದೆ. ಅವರು ಎತ್ತಲಿ, ಕಟ್ ಮಾಡಲಿ, ವಿಷಯ ಮುಟ್ಟಿತೆಂದು ಸುಮ್ಮನಾಗುತ್ತದೆ. (ಆ ಸಾಲು ಬರೆದ ದಿನ ಅವಳು ಬೀಗಿದ್ದಳು. ಮೊದಲ ಪ್ಯಾರಾ ಬರೆದಾಗ ನಾನೂ ಅಷ್ಟೇ.)

೩. ಕಲ್ಯಾಣದುರ್ಗದ ಟೈಲರ್ ನಾಗರತ್ನ ಕಂಬದೂರಿನ ಮದುವೆಯೊಂದಕ್ಕೆ ಹೋಗಿದ್ದಾಗ ಅವಳ ಮನೆಯ ಪೆಟ್ಟಿಗೆ ಕಾಲ್ ಮಾಡಿತು. ಮಾಡಿದವರ ದುಡ್ಡು ಖರ್ಚಾಗದಿರಲೆಂದು ಬಂದ ಕಾಲನ್ನು ಕಟ್ ಮಾಡಿ ತಾವೇ ತಿರುಗಿ ಮಾಡುವುದು ಆಗ ಈ ಕಡೆಯ ಮರ್ಯಾದೆ. ಅವಳೂ ಹಾಗೇ ಮಾಡಿದಳು. ಕಾಲ್ ಎತ್ತುವುದನ್ನು ಪೆಟ್ಟಿಗೆಗೆ ಯಾರೂ ಕಲಿಸಿರಲಿಲ್ಲ. ಅವಳ ಹೊಲಿಗೆ ಮಷೀನ್ ಹೋಯಿತು.

೪. ಮಾಲೀಕ ಆದಿನಾರಾಯಣ ಹೇಳಿದ: "ಚೂಡಮ್ಮಾ, ನೋಡಿಲ್ಲಿ, ಕಸ್ಟಮರ್ ಕಟ್ ಮಾಡ್ಬುಟ್ರೆ ನಮ್ದೇನು ತಪ್ಪು? ಡಿವೈಸ್ ಸರಿಯಾಗೈತೆ ಅಂತ ರಿಪೋರ್ಟ್ ಬರ್ಕೊಡು. ಇಲ್ಲಾಂದ್ರೆ ನಾಳೆಯಿಂದ ಬರಬ್ಯಾಡ."

[ಇಲ್ಲಿ ಅವಳು ಅತ್ತಳೆಂದು ಬರೆದಿದ್ದೆ. ಆ ಹಾಳೆಯನ್ನು ಅವಳೇ ಹರಿದು ಹಾಕಿದಳು.]

ರಿಪೋರ್ಟಿನಲ್ಲಿ ಅವಳು ಬರೆದದ್ದು ಇಷ್ಟು: "ತಪ್ಪು ನನ್ನದು. ನಮ್ಮ ಕಡೆ ಯಾರೂ ಕಾಲ್ ಎತ್ತುವುದಿಲ್ಲ. ನಾನೂ ಎತ್ತುವುದಿಲ್ಲ. ನಲವತ್ತು ಪೆಟ್ಟಿಗೆಗಳನ್ನೂ ಸರಿ ಮಾಡಬೇಕು." ಸಹಿ ಹಾಕಿ, ಹೊಸ ಚಿಪ್ ತಗೊಂಡು ಕಲ್ಯಾಣದುರ್ಗದ ಬಸ್ ಹತ್ತಿದಳು.

೫. ಈಗಿನ ಕೋಡಿನಲ್ಲಿ, ಕಟ್ ಮಾಡಿದರೆ ಪೆಟ್ಟಿಗೆ ಮತ್ತೆ ಮತ್ತೆ ಕಾಲ್ ಮಾಡುತ್ತದೆ. ತಿರುಗಿ ಮಾಡಿದರೆ ತಾನೇ ಎತ್ತಿ ಮನೆಯೊಳಗಿನ ಸದ್ದು ಕೇಳಿಸುತ್ತದೆ. ಪರೀಕ್ಷೆಗೆಂದು ನಾಗರತ್ನ ಬೀದಿಯಲ್ಲಿ ನಿಂತಳು. ಫೋನ್ ಬಂತು, ಕಟ್ ಮಾಡಿದಳು, ತಿರುಗಿ ಮಾಡಿದಳು. ಪೆಟ್ಟಿಗೆ ಎತ್ತಿತು.

"ಗಡಿಯಾರ ಕೇಳುಸ್ತೈತೆ," ಅಂದಳು. ಇನ್ನೂ ಸ್ವಲ್ಪ ಹೊತ್ತು ಕಿವಿಗಿಟ್ಟುಕೊಂಡೇ ಇದ್ದಳು. "ನನ್ ಮಷೀನ್ ಸದ್ದೊಂದು ಇಲ್ಲ ಕಣಮ್ಮ."

ಕೋಡ್ ಸರಿಯಿದೆ, ಅದರಲ್ಲಿ ಶ್ರೀಲತಾಳಿಗೆ ಅನುಮಾನವಿರಲಿಲ್ಲ.

೬. ಮುಕ್ತಾಯಗಳು. (ಅ) ಮಷೀನ್ ಸಿಕ್ಕಿತು. (ಆ) ಆದಿನಾರಾಯಣ ಅವಳನ್ನು ಕೆಲಸದಿಂದ ತೆಗೆದ. ಯಾವುದನ್ನಿಡಲಿ ಎಂದು ಯೋಚಿಸುತ್ತಿರುವಾಗ ಶ್ರೀಲತಾಳದೇ ಕಾಲ್ ಬಂತು.

"ಎರಡೂ ಬ್ಯಾಡ. ಇನ್ನೂ ಮೂವತ್ತೊಂಬತ್ತು ಮನೆ ಐತೆ. ಈಗ ಬೆಳುಗುಪ್ಪಕ್ಕೆ ಹೋಯ್ತಿದೀನಿ, ಬರ್ಕೊ."

ಕಥೆ ಮುಗಿಸೋಣವೆಂದು ಕಟ್ ಮಾಡಿದೆ.

ಮತ್ತೆ ರಿಂಗಾಗುತ್ತಿದೆ.