ಗಾಳೆವ್ವನ ಹಕ್ಕಲು

ನನ್ನ ಸಿಟ್ಟು ಜಕ್ಕಲಿ ಊರಿಗೆಲ್ಲ ಗೊತ್ತು. "ಮದರಬಿ ಬಂದ್ಲು, ದಾರಿ ಬಿಡ್ರಿ" ಎಂದು ಕಟ್ಟೆಯ ಮೇಲೆ ಕುಳಿತ ಗಂಡಸರು ನಗುತ್ತಾರೆ. ನಗಲಿ. ಗಂಡ ರಮಜಾನಸಾಬ ತೀರಿಕೊಂಡ ಮೇಲೆ ಮೂರು ಎಕರೆ ಎರೆಹೊಲವನ್ನು ಈ ಸಿಟ್ಟಿನಿಂದಲೇ ಉಳಿಸಿಕೊಂಡು ಬಂದವಳು ನಾನು. ಆದರೆ ಹೋದ ಸುಗ್ಗಿಯಲ್ಲಿ ಅದೇ ಸಿಟ್ಟು ಮಾಡಿದ ಕೆಲಸ ನೆನೆದರೆ ಉಣ್ಣುತ್ತಿದ್ದ ರೊಟ್ಟಿ ಬಿಟ್ಟು ಎದ್ದುಬಿಡುತ್ತೇನೆ.

ನಮ್ಮದು ಜವಾರಿ ಕಡಲೆ, ಹಳೇ ನಾಟಿ ತಳಿ. ಗಿಡ ಗಿಡ್ಡ, ಕಾಳು ಸಣ್ಣದು; ಆದರೆ ಬಿತ್ತಿದ ಮೇಲೆ ಮಳೆ ಬೇಡ, ಇಬ್ಬನಿ ಕುಡಿದೇ ಬೆಳೆಯುತ್ತದೆ. ಬೆಳೆ ಕಿತ್ತು ರಾಶಿ ಮಾಡಿದ ಮೇಲೆ ಹೊಲದಲ್ಲಿ ಉದುರಿ ಉಳಿದದ್ದು ಬಡವರದು. ಅದನ್ನು ಆರಿಸಿಕೊಳ್ಳುವುದಕ್ಕೆ ಹಕ್ಕಲು ಅನ್ನುತ್ತೇವೆ. ನಮ್ಮಲ್ಲಿ ಕೂಲಿಗೆ ಬರುತ್ತಿದ್ದ ಗಾಳೆವ್ವ ಮೂವತ್ತು ವರ್ಷ ನಮ್ಮ ಹೊಲದ ಹಕ್ಕಲು ಆರಿಸಿದಳು. ಒಂದೊಂದು ಕಾಳನ್ನೂ ಕೈಯಲ್ಲಿ ಹಿಡಿದು ನೋಡುವವಳು. ಗಟ್ಟಿ ಕಾಳನ್ನು ಬೇರೆ ಮಾಡಿ, ಬೂದಿ ಬೆರೆಸಿ ದೊಡ್ಡ ಗಡಿಗೆಗಳಲ್ಲಿ ಮುಚ್ಚಿಡುತ್ತಿದ್ದಳು. ಬಿತ್ತನೆಗೆ ಅವು ನಮ್ಮ ಮನೆಗೆ ಬರುತ್ತಿದ್ದವು. ಬದಲಿಗೆ ನಾನು ಉಣ್ಣುವ ಕಾಳು ಎರಡರಷ್ಟು ಕೊಡುತ್ತಿದ್ದೆ. ಒಂದು ಗಡಿಗೆಯನ್ನು ಮಾತ್ರ ಅವಳು ಯಾವಾಗಲೂ ಹಿಂದೆ ಇಟ್ಟುಕೊಳ್ಳುತ್ತಿದ್ದಳು, ಬಿತ್ತಿದ್ದು ಹುಟ್ಟದಿದ್ದರೆ ಮತ್ತೆ ಬಿತ್ತಲಿಕ್ಕೆ.

ಹೋದ ಸುಗ್ಗಿಯಲ್ಲಿ ಮಗ ಮುನಾವರ ಹಟ ಹಿಡಿದು ಕೊಯ್ಯುವ ಮಷೀನು ತಂದ. ಎರಡೇ ತಾಸಿನಲ್ಲಿ ಕೆಲಸ ಮುಗಿಯಿತು. ಆದರೆ ಗಿಡ್ಡ ಗಿಡ ಮಷೀನಿಗೆ ಎಲ್ಲಿ ಸಿಗಬೇಕು? ಕಾಯಿ ಅರ್ಧಕ್ಕರ್ಧ ನೆಲದಲ್ಲೇ ಉಳಿಯಿತು. ಮಧ್ಯಾಹ್ನ ನೋಡಿದರೆ ಬದುವಿನ ಮೇಲೆ ನಲವತ್ತು ಮಂದಿ, ಚೀಲ, ಡಬ್ಬಿ, ಸೆರಗು ಹಿಡಿದು! ಮೊದಲು ನಾಲ್ಕು ಮಂದಿ ಬರುತ್ತಿದ್ದರು. ಸುತ್ತಲ ಊರುಗಳಲ್ಲೆಲ್ಲ ಮಷೀನು ಬಂದು ಕೂಲಿ ಹೋಗಿತ್ತಲ್ಲ, ಪಕ್ಕದ ಬೆಳವಣಕಿಯವರೂ ಬಂದಿದ್ದರು.

"ಏನಿದು ಗಾಳೆವ್ವ, ದಂಡು ಕಟಗೊಂಡ ಬಂದಿಯೇನ?" ಎಂದು ಚೀರಿದೆ.

"ನಾ ಬ್ಯಾಡ ಅಂದೆ ಅಕ್ಕಾರ, ಕೇಳವಲ್ರು. ಎಲ್ಲಾರ ಮನ್ಯಾಗೂ ಬಾಯಿ ಹೆಚ್ಚಾಗ್ಯಾವ್ರಿ."

"ಬಾಯಿ ಹೆಚ್ಚಾದ್ರ ನನ್ನ ಹೊಲಾ ಹೆಚ್ಚಾಗೈತೇನ? ಮುನಾವರ, ಟ್ರ್ಯಾಕ್ಟರ್ ತಂದು ಹೊಲಾ ಹೊಡಿ!"

"ಕಾಳ ಬಿದ್ದಾವಲ್ಲಮ್ಮಾ."

"ಬೀಳ್ಲಿ. ನಮಗೂ ಬ್ಯಾಡ, ಅವರಿಗೂ ಬ್ಯಾಡ."

ಟ್ರ್ಯಾಕ್ಟರ್ ಒಂದು ಸುತ್ತು ಹಾಕುವವರೆಗೂ ಗಾಳೆವ್ವ ನಿಂತು ನೋಡಿದಳು. ಕಾಳೆಲ್ಲ ಮಣ್ಣಿನ ಹೆಂಟೆಯ ಕೆಳಗೆ ಹೋದವು. ಅವಳು ಬರಿ ಚೀಲವನ್ನು ಮಡಚಿ ಬಗಲಲ್ಲಿ ಇಟ್ಟುಕೊಂಡು ಹೋದಳು. ಆಗ ನನಗೆ ಗೆದ್ದೆ ಅನ್ನಿಸಿತು. ಥೂ, ನನ್ನ ಬುದ್ಧಿಗಿಷ್ಟು!

ಮುಂದೆ ಬಿತ್ತನೆ ಬಂತು. ಮಷೀನಿನ ಕಾಳು ಒಡೆದು ಹೋಳಾಗಿತ್ತು, ಬೀಜಕ್ಕೆ ಬರಲಿಲ್ಲ. ಊರಲ್ಲಿ ಎಲ್ಲರೂ ಮಷೀನಿಗೆ ಸಿಗುವ ಎತ್ತರದ ಕಡಲೆ ಹಿಡಿದಿದ್ದರು. ನಾವೂ ರೋಣದ ಪೇಟೆಗೆ ಹೋಗಿ ಅದನ್ನೇ ತಂದು ಬಿತ್ತಿದೆವು. ಚೆನ್ನಾಗಿಯೇ ಹುಟ್ಟಿತು. ತಿಂಗಳಾಗುವುದರೊಳಗೆ ಸೊರಗು ರೋಗ ಬಿದ್ದು ಸಾಲು ಸಾಲೇ ಒಣಗಿತು.

"ನೆಲದಾಗ ಹಸಿ ಇನ್ನೂ ಎಂಟು ದಿನ ಇರತೈತಿ," ಅಂದ ಮುನಾವರ. "ಜವಾರಿ ಬೀಜ ಸಿಕ್ರ ಮತ್ತ ಬಿತ್ತಬಹುದು. ಇಲ್ಲಾಂದ್ರ ಈ ವರ್ಷ ಹೊಲಾ ಬೀಳ ಬೀಳತೈತಿ."

ಆ ಬೀಜ ಇದ್ದರೆ ಯಾರ ಮನೆಯಲ್ಲಿ ಎಂದು ಇಬ್ಬರಿಗೂ ಗೊತ್ತಿತ್ತು. ಟ್ರ್ಯಾಕ್ಟರ್ ಹೊಡೆಸಿದ ದಿನದಿಂದ ನನ್ನ ಹೊಲಕ್ಕೆ ಕಾಲಿಡದ ಗಾಳೆವ್ವನ ಬಾಗಿಲಿಗೆ ನಾನೇ ಹೋದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

"ಬರ್ರಿ ಅಕ್ಕಾರ," ಅಂದಳು, ಏನೂ ಆಗಿಲ್ಲವೆಂಬಂತೆ. ಮಗಳು ಕವಿತಾ ಚಾಪೆ ಹಾಸಿದಳು.

"ಹಿಂದ ಇಟಗೊಂಡಿದ್ದ ಗಡಿಗಿ ಐತೇನ ಗಾಳೆವ್ವ?"

"ಗಡಿಗಿ ಐತ್ರಿ." ಒಳಗಿನಿಂದ ತಂದು ನನ್ನ ಮುಂದೆ ಬೋರಲು ಹಾಕಿದಳು. ಹಿಡಿ ಬೂದಿ ಬಿತ್ತು, ಅಷ್ಟೇ.

"ಹಕ್ಕಲ ಸಿಗಲಿಲ್ಲ. ಯುಗಾದಿಗೆ ಕವಿತಾನ ಹೆರಗಿ ಆತು. ಬರೇ ರೇಶನ್ ಅಕ್ಕಿ ಉಂಡ್ರ ಬಾಣಂತಿಗೆ ಹಾಲ ಎಲ್ಲಿಂದ ಬರಬೇಕ್ರಿ? ಬೂದಿ ತೊಳದು, ಕುದಿಸಿ ಕೊಟ್ಟೆ. ಬೀಜ ತಿನಬಾರದು ಅಂತ ನನಗ ಗೊತ್ತಿಲ್ಲೇನ್ರಿ? ಮೊದಲ್ನೇ ದಿನ ಒಲಿ ಮುಂದ ಕುಂತು ಅತ್ತೇನಿ."

"ನಂದ ತಪ್ಪ, ಗಾಳೆವ್ವ. ಹೊಟ್ಟ್ಯಾಗ ಹಾಕ್ಕೊ." ಇಷ್ಟು ವರ್ಷದಲ್ಲಿ ನಾನು ಯಾರಿಗೂ ಆಡದ ಮಾತು.

"ಸಿಟ್ಟಿನ್ಯಾಗ ಕೊಯ್ಕೊಂಡ ಮೂಗು ಮತ್ತ ಬರತೈತೇನ್ರಿ? ಬಿಡ್ರಿ, ಚಾ ಕುಡೀರಿ." ಮೊಮ್ಮಗ ಗೌತಮನನ್ನು ಎತ್ತಿ ನನ್ನ ತೊಡೆಯ ಮೇಲೆ ಕೂರಿಸಿದಳು. "ಆ ಕಡ್ಲಿ ಮ್ಯಾಲೇ ಬೆಳದಾನ ನೋಡ್ರಿ ಇಂವ."

ಕೂಸು ಗಟ್ಟಿಯಾಗಿತ್ತು. ನನ್ನ ಬಳೆ ಹಿಡಿದು ಎಳೆಯಿತು. ನನಗೆ ಅಳು ತಡೆಯಲಾಗಲಿಲ್ಲ, ಅತ್ತೆ.

ಹೊರಟಾಗ ಗಾಳೆವ್ವ ಬಾಗಿಲವರೆಗೆ ಬಂದಳು. ಕೇಳಿದಳು: "ಅಕ್ಕಾರ, ಈ ಸುಗ್ಗಿಗೆ ಹಕ್ಕಲಕ್ಕ ಬರ್ಲೇನ್ರಿ?"

"ಬಾ," ಅಂದೆ. "ಎಲ್ಲಾರನ್ನೂ ಕರಕೊಂಡ ಬಾ."

ಬೀಜ ನನಗೆ ಬೇರೆಲ್ಲಾದರೂ ಸಿಗುತ್ತದೆ ಎಂದುಕೊಂಡಳೋ ಏನೋ, ಅವಳ ಮುಖ ಅರಳಿತು. ನಾನು ಹೊಲದ ದಾರಿಯಲ್ಲೇ ಮನೆಗೆ ಬಂದೆ. ಒಣಗಿದ ಸಾಲುಗಳ ನಡುವೆ ಮುನಾವರ ನನ್ನನ್ನೇ ಕಾಯುತ್ತ ನಿಂತಿದ್ದ. ಅವರೆಲ್ಲ ಬಂದಾಗ ಆರಿಸಿಕೊಳ್ಳಲು ಈ ಹೊಲದಲ್ಲಿ ಒಂದು ಕಾಳೂ ಇರುವುದಿಲ್ಲ.