ಇಲಿ ಬಂತು

ಭಾನುವಾರ ಬೆಳಿಗ್ಗೆ ಷಡ್ಡಕ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದಾಗ ಬಸ್ಸು ಚಾಲಕ ಇನ್ನೂ ಕನ್ನಡಿಯ ಮುಂದಿದ್ದ. ಹೆಂಡತಿಯ ತಂಗಿಯ ಗಂಡ ಈ ಷಡ್ಡಕ. ನಲ್ಲಿ, ಟೈಲ್ಸು ಮಾರಿ ಮೇಲೆ ಬಂದವನು. ಊರಿನ ದೊಡ್ಡವರಷ್ಟೇ ಕಾಲಿಡುವ ಗಾಲ್ಫ್ ಕ್ಲಬ್ಬಿಗೆ ಬಹಳ ಕಾಲ ಕಾದು ಈಚೆಗಷ್ಟೇ ಸದಸ್ಯನಾಗಿದ್ದ. ಒಳಗೆ ಬಂದವನೇ ಭಾವನನ್ನು ತಲೆಯಿಂದ ಕಾಲಿನವರೆಗೂ ನೋಡಿ, "ಕಾಲರ್ ಇದೆ, ಸರಿ. ಚಪ್ಪಲಿ ಮಾತ್ರ ಅಲ್ಲಿ ನಡೆಯಲ್ಲ ಭಾವ. ನನ್ನ ಶೂ ತಂದಿದ್ದೀನಿ, ಹಾಕ್ಕೊಳ್ಳಿ" ಎಂದ.

ಹೋಗುತ್ತಿದ್ದುದು ಮಗಳಿಗಾಗಿ. ಹೋಟೆಲ್ ನಿರ್ವಹಣೆ ಓದಿ ಮನೆಯಲ್ಲಿ ಕೂತಿದ್ದ ಅವಳಿಗೆ ಹೊಂದುವ ಕೆಲಸವೊಂದು ಕ್ಲಬ್ಬಿನ ರಿಸೆಪ್ಶನ್ನಿನಲ್ಲಿ ಖಾಲಿ ಇತ್ತು. ಅಧ್ಯಕ್ಷರನ್ನು ಒಮ್ಮೆ ಮುಖತಃ ಕಂಡರೆ ಆಗಿಹೋಗುತ್ತದೆ ಎಂದಿದ್ದ ಷಡ್ಡಕ.

"ಬಾಯಿಗೆ ಬ್ರೇಕ್ ಹಾಕ್ಕೊಂಡಿರಿ" ಎಂದಳು ಹೆಂಡತಿ.

"ನನ್ನ ಬಸ್ಸಿಗಿಂತ ನನ್ನ ಬಾಯಿ ಬ್ರೇಕೇ ಚೆನ್ನಾಗಿದೆ ಬಿಡು" ಎಂದು ಅವನು ನಕ್ಕು ಹೊರಟ.

ಕ್ಲಬ್ಬಿನೊಳಗೆ ಎಲ್ಲವೂ ಒರೆಸಿಟ್ಟ ಹಾಗಿತ್ತು. ಬಟ್ಟೆ ಬದಲಿಸುವ ಕೋಣೆಯಲ್ಲಿ ಒಬ್ಬ ಸದಸ್ಯರು ಮುಖ ಒರೆಸುವ ಬಿಳಿ ಟವೆಲಿನಿಂದ ಶೂವಿನ ಕೆಸರು ಒರೆಸಿ ನೆಲಕ್ಕೆಸೆದರು. ಬಾಗಿ ಎತ್ತಿಕೊಂಡ ಕೆಲಸದ ಮುದುಕನ ಬೆರಳು ತಮ್ಮ ಶೂಗೆ ತಗುಲಿದಾಗ ಕಾಲನ್ನು ಸ್ವಲ್ಪ ಹಿಂದೆಳೆದುಕೊಂಡರು, ಅಷ್ಟೆ. ಹಿಡಿದಿದ್ದ ಫೋನಿನ ಮಾತು ನಿಲ್ಲಲಿಲ್ಲ. ಚಾಲಕ ಆ ಟವೆಲನ್ನೇ ನೋಡಿದ. ಮಗಳ ಮುಖ ನೆನೆದು ಮುಂದೆ ನಡೆದ.

ಅಧ್ಯಕ್ಷರು ಅಭ್ಯಾಸದ ಮೈದಾನದಲ್ಲಿದ್ದರು. ಒಂದು ಕಡೆ ಉದ್ದಕ್ಕೆ ಮಾಡು ಹಾಕಿದ ನೆರಳಿನ ಸಾಲು. ಅಲ್ಲಿ ನಿಂತು ಸದಸ್ಯರು ಬುಟ್ಟಿಗಟ್ಟಲೆ ಚೆಂಡು ಹೊಡೆಯುತ್ತಿದ್ದರು. ಎದುರಿನ ಹುಲ್ಲಿನ ತುಂಬ ಬಿಳಿ ಚೆಂಡುಗಳು ಚೆಲ್ಲಿದ್ದವು. ಅಧ್ಯಕ್ಷರು ನಿಜಕ್ಕೂ ಸಜ್ಜನರಂತೆ ಕಂಡರು. ತಾವೇ ಕುರ್ಚಿ ಎಳೆದು ಕೂರಿಸಿದರು. ನಿಂಬೆ ಸೋಡಾ ತರಿಸಿದರು. ಮಗಳ ಓದಿನ ಬಗ್ಗೆ ಕೇಳಿ, "ಕಳಿಸಿಕೊಡಿ. ನಮ್ಮ ಕ್ಲಬ್ಬಿಗೂ ಒಳ್ಳೇ ಹುಡುಗಿ ಬೇಕು" ಎಂದರು. ಷಡ್ಡಕ ಮೇಜಿನ ಕೆಳಗೆ ಭಾವನ ಮೊಣಕಾಲು ತಟ್ಟಿದ.

ಆಗ ಯಾರೋ ಕೂಗಿದರು: "ಇಲಿ ಬಂತು!"

ಅಷ್ಟು ಹೊತ್ತು ಆಕಳಿಸುತ್ತಿದ್ದವರಿಗೂ ಜೀವ ಬಂತು. ಮೈದಾನದ ಮೂಲೆಯಿಂದ ಪುಟ್ಟ ಗಾಡಿಯೊಂದು ಹೊರಟಿತ್ತು. ಸುತ್ತ ಕಬ್ಬಿಣದ ಬಲೆ, ಮುಂದೆ ಚೆಂಡು ಬಾಚಿಕೊಳ್ಳುವ ಉರುಳೆ, ಬಲೆಯೊಳಗೆ ಒಬ್ಬ ಮನುಷ್ಯ. ಅದು ಬಿಸಿಲಿಗೆ ಬಂದದ್ದೇ ತಡ, ಸಾಲಿನಲ್ಲಿದ್ದವರೆಲ್ಲ ಅತ್ತ ತಿರುಗಿ ಹೊಡೆಯತೊಡಗಿದರು. ತಗುಲಿದವರಿಗೆ ಚಪ್ಪಾಳೆ, ತಪ್ಪಿದವರಿಗೆ ಗೇಲಿ.

"ಬನ್ನಿ, ನೀವೂ ಒಂದು ಕೈ ನೋಡಿ" ಎಂದು ಅಧ್ಯಕ್ಷರು ತಮ್ಮ ಕೋಲನ್ನೇ ಚಾಲಕನ ಕೈಗಿತ್ತರು.

"ಹೊಡೀರಿ ಭಾವ, ಹೊಡೀರಿ" ಎಂದ ಷಡ್ಡಕ.

ಮೊದಲ ಸಲ ಹುಲ್ಲು ಕಿತ್ತು ಹಾರಿತು. ಎಲ್ಲರೂ ನಕ್ಕರು, ಅವನೂ ನಕ್ಕ. ಅಧ್ಯಕ್ಷರು ಮೊಣಕೈ ಸರಿಪಡಿಸಿ ಕೊಟ್ಟರು. ಮುಂದಿನ ಹೊಡೆತಕ್ಕೆ ಚೆಂಡು ನೇರ ಹೋಗಿ ಬಲೆಗೆ ಬಡಿಯಿತು. ಠಣ್!

"ಭೇಷ್! ಎಲ್ಲಿ ಬಚ್ಚಿಟ್ಟಿದ್ರಿ ಇವರನ್ನ!" ಎಂದು ಯಾರೋ ಬೆನ್ನು ತಟ್ಟಿದರು. ಚಾಲಕ ಎರಡೂ ಕೈ ಮೇಲೆತ್ತಿ ಗೆದ್ದವನಂತೆ ಕೇಕೆ ಹಾಕಿದ. ಕೈ ಇನ್ನೂ ಮೇಲಿರುವಾಗಲೇ ಅವನಿಗೆ ಬಲೆಯ ಹಿಂದೆ ಒಂದು ತಲೆ ಕಂಡಿತು. ಅದು ಭುಜಗಳ ನಡುವೆ ಕುಸಿದು, ಮತ್ತೆ ಮೇಲೇಳಲು ಸ್ವಲ್ಪ ಹೊತ್ತು ತೆಗೆದುಕೊಂಡಿತು.

ಹಾಗೆ ಕುಸಿಯುವುದು ಹೇಗೆಂದು ಅವನ ಕತ್ತಿಗೆ ಗೊತ್ತಿತ್ತು. ಒಮ್ಮೆ ಮುಷ್ಕರದ ಕಾಲದಲ್ಲಿ ಗಾಜಿಗೆ ಬಲೆ ಕಟ್ಟಿದ ಬಸ್ಸು ಓಡಿಸಿದ್ದ. ಕಲ್ಲುಗಳು ಬಿದ್ದಿದ್ದವು. ಆ ಕಲ್ಲು ಎಸೆದವರಿಗೆ ಹೊಟ್ಟೆಯಲ್ಲಿ ಕಿಚ್ಚಿತ್ತು. ಇವರ ಕೈಯಲ್ಲಿ ನಿಂಬೆ ಸೋಡಾ ಇತ್ತು. ಬಾಯಿಯೊಳಗಿನ ಸಿಹಿ ಅವನಿಗೆ ಹಳಸಿದಂತಾಯಿತು. ಉಗಿಯಲು ಜಾಗವಿಲ್ಲದೆ ನುಂಗಿದ. ತಾನು ಹಾಕಿದ ಕೇಕೆ ಇನ್ನೂ ಕಿವಿಯಲ್ಲಿತ್ತು. ಎಲ್ಲಕ್ಕಿಂತ ಅದೇ ಹೇಸಿಗೆ ಹುಟ್ಟಿಸಿತು.

"ಒಳಗಿರೋದು ಯಾರು ಸಾರ್?"

"ನಮ್ಮ ಹಳೇ ಕೆಲಸದವನು. ಇಲಿ ಅಂತಲೇ ಕರೀತೀವಿ, ಪಾಪ, ಬೇಜಾರು ಮಾಡ್ಕೊಳ್ಳಲ್ಲ" ಎಂದರು ಅಧ್ಯಕ್ಷರು. "ಬಲೆ ಗಟ್ಟಿ ಇದೆ. ಸಂಬಳ ಸರಿಯಾಗಿ ಕೊಡ್ತೀವಿ. ಹಬ್ಬಕ್ಕೆ ಬಟ್ಟೇನೂ ಕೊಡ್ತೀವಿ. ಇಷ್ಟು ವರ್ಷದಲ್ಲಿ ಅವನಿಗೆ ಒಂದು ಗೀರೂ ಆಗಿಲ್ಲ."

"ಅವರು ಚೆಂಡು ಬಾಚೋ ತನಕ ಹೊಡೆಯೋದು ನಿಲ್ಲಿಸಬಹುದಲ್ವಾ?"

"ಅಷ್ಟು ಹೊತ್ತು ನಾವೇನು ಮಾಡೋಣ?" ಅವರು ನಿಜವಾಗಿಯೂ ತಿಳಿಯದೆ ಕೇಳಿದರು. "ಯಾರಾದ್ರೂ ಕಾಲ್ನಡಿಗೇಲಿ ಹುಲ್ಲಿಗೆ ಇಳಿದ್ರೆ ನಿಲ್ಲಿಸಲೇಬೇಕು, ಅದು ನಿಯಮ. ಗಾಡೀಲಿ ಇದ್ರೆ ಬೇಕಿಲ್ಲ."

ಚಾಲಕ ಕೋಲನ್ನು ಕುರ್ಚಿಗೆ ಒರಗಿಸಿದ. ಗೆರೆ ದಾಟಿ ಹುಲ್ಲಿಗೆ ಇಳಿದ.

ಯಾರೋ ಸಿಳ್ಳೆ ಊದಿದರು. "ಜನ ಇದ್ದಾರೆ, ಹೊಡೀಬೇಡಿ!" ಎಂಬ ಕೂಗು ಸಾಲಿನುದ್ದಕ್ಕೂ ಹೋಯಿತು. ಒಂದೊಂದಾಗಿ ಹೊಡೆತಗಳು ನಿಂತವು. ಅವನು ಅವಸರ ಮಾಡಲಿಲ್ಲ. ಗಾಡಿಯ ಹತ್ತಿರ ಹೋದಾಗ ಒಳಗಿದ್ದವನು ಗಾಬರಿಯಿಂದ ಎಂಜಿನ್ ನಿಲ್ಲಿಸಿದ. ಚಾಲಕನದೇ ವಯಸ್ಸಿನ ಮನುಷ್ಯ. ಬೆವರಿಗೆ ಅಂಗಿ ಬೆನ್ನಿಗಂಟಿತ್ತು.

"ಇಲ್ಲಿ ಬರಬಾರ್ದು ಸಾರ್. ಏಟು ಬೀಳುತ್ತೆ."

"ಈಗ ತಾನೇ ಬಡೀತಲ್ಲ, ಅದು ಹೊಡೆದಿದ್ದು ನಾನು."

"ಯಾವುದು?" ಅವನು ನೆನಪಿಸಿಕೊಳ್ಳಲು ನೋಡಿದ. "ಗೊತ್ತಾಗಲ್ಲ ಸಾರ್. ಒಳಗೆ ಎಲ್ಲಾ ಒಂದೇ ಥರ ಕೇಳ್ಸುತ್ತೆ."

ಅಷ್ಟರಲ್ಲಿ ಷಡ್ಡಕ ಏದುಸಿರು ಬಿಡುತ್ತ ಓಡಿ ಬಂದ.

"ಏನ್ ಭಾವ ಇದು! ಎಲ್ರೂ ನೋಡ್ತಿದ್ದಾರೆ. ನನ್ನ ಮರ್ಯಾದೆ ಹರಾಜಾಗ್ತಿದೆ. ಬನ್ನಿ, ತಮಾಷೆಗೆ ಇಳಿದ್ರು ಅಂತ ಹೇಳಿ ಮುಗಿಸ್ತೀನಿ."

"ತಮಾಷೆ ಅಲ್ಲಿ ನಿಂತು ಹೊಡೆದಾಗಲೇ ಆಯ್ತಲ್ಲೋ. ಇವರು ಬಾಚಿ ಮುಗಿಸಲಿ, ಬರ್ತೀನಿ."

"ಮಗಳ ಕೆಲಸ?"

"ಇಂಥೋರಿಗೆಲ್ಲ ನಗ್ತಾ ಬಾಗಿಲಲ್ಲಿ ನಿಲ್ಲೋದು ಬೇಡ ಅವಳು. ಮನೇಲಿ ಬೈದ್ರೆ ಬೈಸ್ಕೋತೀನಿ."

"ನಿಮಗೇನು, ಹೋಗಿಬಿಡ್ತೀರಿ" ಎಂದ ಷಡ್ಡಕ. ಅವನ ಧ್ವನಿ ಇಳಿದಿತ್ತು. "ಮೊದಮೊದಲು ಇಲ್ಲಿ ನನ್ನನ್ನ ನಲ್ಲಿಯವನು ಅಂತ ಕರೀತಿದ್ರು, ಗೊತ್ತಾ? ನಾನೂ ಅವರ ಜೊತೆ ನಗ್ತಿದ್ದೆ. ನಕ್ಕೂ ನಕ್ಕೂ ಒಳಗೆ ಬಂದೆ."

"ಹಾಗಾದ್ರೆ ನಿಂಗೆ ನಾನು ಬಿಡಿಸಿ ಹೇಳ್ಬೇಕಾ?"

ನೆರಳಿನ ಸಾಲಿನಿಂದ ಅಧ್ಯಕ್ಷರು ಕೈಬೀಸಿ ಕರೆಯುತ್ತಿದ್ದರು. ಷಡ್ಡಕ ಅತ್ತ ಒಂದು ಹೆಜ್ಜೆ ಇಟ್ಟ, ನಿಂತ.

ಗಾಡಿಯವನು ಇಬ್ಬರ ಮುಖವನ್ನೂ ನೋಡಿದ. ಆಮೇಲೆ ಬಲೆಯ ಬಾಗಿಲಿನ ಚಿಲಕ ತೆಗೆದು, ಬಾಗಿಲನ್ನು ಪೂರ್ತಿ ಹೊರಕ್ಕೆ ತೆರೆದು ತಂತಿಯಿಂದ ಸಿಕ್ಕಿಸಿದ. ಗಾಳಿ ಒಳಗೆ ಹೋಯಿತು.

"ಆ ಮೂಲೇಲಿ ಜಾಸ್ತಿ ಬಿದ್ದಿವೆ ಸಾರ್. ನಿಧಾನಕ್ಕೆ ಹೋಗ್ಲಾ?"

"ನಿಮ್ಮ ಕೆಲಸ ನೀವು ಮಾಡಿ. ಅವಸರ ಏನಿಲ್ಲ."

ಗಾಡಿ ಹೊರಟಿತು. ಚಾಲಕ ಅದರ ಪಕ್ಕದಲ್ಲಿ ನಡೆದ. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ, ಷಡ್ಡಕ ನಿಂತಲ್ಲಿ ಇರಲಿಲ್ಲ. ಗಾಡಿಯ ಇನ್ನೊಂದು ಪಕ್ಕದಲ್ಲಿ, ಯಾರ ಮುಖವನ್ನೂ ನೋಡದೆ, ತಲೆ ತಗ್ಗಿಸಿಕೊಂಡು ಜೊತೆಗೆ ಬರುತ್ತಿದ್ದ.